ಪಕ್ಕದಲ್ಲಿ ನಿಂತವನು

"ಬಿಡಿಸದೆ ಬೆಲೆ ಹೇಳೋಕಾಗಲ್ಲ ತಾಯಿ. ಕಾರ್ಡಿನ ಪೂರ್ವಾಪರವೆಲ್ಲ ಇರೋದು ಬೆನ್ನಲ್ಲಿ," ಎಂದ ನಾರಿಸ್.

"ನಿನ್ನ ತಾಯಿಯಾಗೋ ವಯಸ್ಸು ನನಗಿನ್ನೂ ಆಗಿಲ್ಲಪ್ಪ. ಬಿಡಿಸು, ಹರೀಬೇಡ," ಎಂದಳು ಹಿಲ್ಡಾ.

ಲಂಕಾಷೈರಿನ ಆ ಬಟ್ಟೆಗಿರಣಿ ಊರಿನ ಪ್ರಾರ್ಥನಾ ಮಂದಿರದಲ್ಲಿ ಶನಿವಾರ ಹಳೆಯ ಪೋಸ್ಟ್‌ಕಾರ್ಡುಗಳ ಸಂತೆ. ನರೆಗೂದಲಿನ ವ್ಯಾಪಾರಿ ನಾರಿಸ್ ಹಿಲ್ಡಾಳ ಆಲ್ಬಮ್ಮಿನ ಹಾಳೆಯ ಹಿಂದೆ ಒದ್ದೆ ಕಾಗದವಿಟ್ಟು, ಅಂಟು ನೆನೆಯಲೆಂದು ಕಾದ. ಕಾರ್ಡಿನಲ್ಲಿ ಗಿರಣಿಯ ಫುಟ್‌ಬಾಲ್ ತಂಡ. ಮುಂದೆ ಕೂತವನ ಕಾಲ ನಡುವಿನ ಚೆಂಡಿನ ಮೇಲೆ ಸುಣ್ಣದಲ್ಲಿ ಬರೆದ 1913-14.

"ಅಚ್ಚಿನದಲ್ಲ, ಫೋಟೋನೇ. ಭೂತಗನ್ನಡಿಯಲ್ಲೂ ಅಚ್ಚಿನ ಚುಕ್ಕಿ ಕಾಣಲ್ಲ. ಹೆಸರಿಲ್ಲದ ತಂಡಕ್ಕೆ ಎರಡು ಪೌಂಡು, ಹೆಸರಿದ್ರೆ ಹದಿನೈದು."

"ಮಾರೋಕೆ ಬಂದಿಲ್ಲ. ಹಿಂದೆ ಹೆಸರು ಬರೆದುಕೊಡು. ಹ್ಯಾರಿ ಕರ್ಶಾ, ನನ್ನಪ್ಪ. ನಾನು ಹೋದ ಮೇಲೆ ಇವನ್ಯಾರೋ ಏನೋ ಅಂತ ಒಲೆಗೆ ಹಾಕಬಾರದು."

ತಲೆಯ ಮೇಲೆ ಶಾಯಿಯ ಅಡ್ಡಗೆರೆ-ನೆಟ್ಟಗೆರೆಯ ಗುರುತಿದ್ದವನನ್ನು ಅವಳು ತೋರಿಸಿದಳು. ಅವಳು ಹುಟ್ಟುವ ಮೊದಲೇ ಅಪ್ಪ ಯುದ್ಧದಲ್ಲಿ ಹೋದ. ಅವಳಿಗೆ ಎರಡು ತುಂಬುವಷ್ಟರಲ್ಲಿ ಅಮ್ಮ ಎಡ್ನಾಳೂ. ಕಾರ್ಡನ್ನು ಆಲ್ಬಮ್ಮಿಗೆ ಅಂಟಿಸಿದ್ದು ಚಿಕ್ಕಮ್ಮ. ರಜೆಗೆಂದು ಕಡಲತೀರದ ಬ್ಲ್ಯಾಕ್‌ಪೂಲಿಗೆ ಹೋದವರು ಕಾರ್ಡಿನಲ್ಲಿ ತಾವಿಳಿದ ಕೋಣೆಯ ಕಿಟಕಿಗೆ ಗುರುತು ಹಾಕಿ ಕಳಿಸುವುದಿಲ್ಲವೇ, ಹಾಗೆಯೇ ನಿನ್ನಪ್ಪ ತನ್ನ ತಲೆಗೆ ಹಾಕಿದ್ದಾನೆ ಎಂದಿದ್ದಳು. ಅರವತ್ತು ವರ್ಷ ಹಿಲ್ಡಾ ಬೆಳಗಿನ ಚಹಾ ಹಿಡಿದು ಆ ಮುಖದ ಮುಂದೆ ಪ್ರಾರ್ಥನೆ ಹೇಳಿದ್ದಳು. ಒಮ್ಮೊಮ್ಮೆ ಅವನೂ ದನಿಗೂಡಿಸಿದಂತೆ ಕೇಳುತ್ತಿತ್ತು.

ಕಾರ್ಡು ಕಳಚಿಕೊಂಡಿತು. ಓದಿದ ನಾರಿಸ್, ಮುಂಭಾಗಕ್ಕೆ ತಿರುಗಿಸಿ ಗುರುತಿಗೆ ಭೂತಗನ್ನಡಿ ಹಿಡಿದ. "ಕೆಳಗಿನ ಕಾಲು ಉದ್ದ ಇದೆ. ಇದು ಶಿಲುಬೆ, ಸತ್ತವರಿಗೆ ಹಾಕೋದು... ಕೂತ್ಕೊಳ್ಳಿ ತಾಯಿ."

"ನಿಂತೇ ಕೇಳ್ತೀನಿ, ಓದು."

"'ಎಡ್ನಾ, ಶಿಲುಬೆ ಹಾಕಿರೋದು ವಾಲ್ಟರ್‌ಗೆ. ಮಂಗಳವಾರ ಗುಂಡು ತಗುಲಿ ಹೋಗಿಬಿಟ್ಟ. ಅವನಮ್ಮನಿಗೆ ತೋರಿಸು. ಪಕ್ಕದಲ್ಲೇ ನಗ್ತಾ ನಿಂತಿದ್ದೀನಿ ನೋಡು. ಹ್ಯಾರಿ.'"

ವಾಲ್ಟರನ ಎಡಕ್ಕೊಬ್ಬ, ಬಲಕ್ಕೊಬ್ಬ. ಇಬ್ಬರೂ ನಗುತ್ತಿದ್ದರು.

ನಾರಿಸ್ ಅವಳ ಮೂಗು, ಗಲ್ಲಗಳನ್ನು ದಿಟ್ಟಿಸಿ, ಹೋಲಿಕೆ ಹುಡುಕಲು ಮತ್ತೆ ಕಾರ್ಡಿನತ್ತ ಬಾಗಿದ. "ಬೇಡ," ಎಂದಳು ಹಿಲ್ಡಾ. ಅವಳ ಹೆಬ್ಬೆರಳು ನಡುವಿನ ಮುಖವನ್ನು ಸವರುತ್ತಿತ್ತು.

"ಹಾಗಾದ್ರೆ ಯಾರ ಹೆಸರು ಬರೀಲಿ?"

"ವಾಲ್ಟರ್ ಅಂತ ಬರಿ. ಇವನ ಗುರುತು ನನಗಿದೆ."

"ನಿಮ್ಮಪ್ಪಂದು?"

"ಅವನೇ ಬರ್ಕೊಂಡಿದ್ದಾನಲ್ಲ."

ಸೀಸದ ಕಡ್ಡಿ ಸರಸರ ಸದ್ದು ಮಾಡಿತು. ಆಲ್ಬಮ್ಮಿನ ಹಾಳೆಯಲ್ಲಿ ಕಾರ್ಡಿನಷ್ಟೇ ಅಗಲದ ಜಾಗ ಇನ್ನೂ ಒದ್ದೆಯಾಗಿತ್ತು.