ಬಿಳಿ ಸೀರೆಯ ಶಿಬಿರಾರ್ಥಿ

ಹಬ್ಬದ ದಿನಗಳಲ್ಲಿ ನೌಕರರು ಆರೋಗ್ಯವಾಗಿ, ನಿರಾಳವಾಗಿ ಇರಬೇಕೆಂದು ಯಾರಾದರೂ ನಿರ್ಧರಿಸಿದರೆ, ಆ ನಿರಾಳಕ್ಕಾಗಿ ಮತ್ತೊಬ್ಬರ ಮೈ ಮುರಿಯಬೇಕಾಗುತ್ತದೆ. ಈ ಸಲ ಅದು ದೇವಕಮ್ಮನ ಬಲದೋಳು.

ಶಹಾಪುರದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಆಕೆ ಹದಿನಾಲ್ಕು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದಳು. ಇನ್ನೂರು ಮಕ್ಕಳ ಅನ್ನದ ಪಾತ್ರೆ ದಿನವೂ ಎತ್ತಿ ಇಳಿಸಿ ತೋಳು ಈಗ ಭುಜದಿಂದ ಮೇಲೇಳುತ್ತಿರಲಿಲ್ಲ. ಹದಿನೈದು ದಿನ ಭಾರ ಎತ್ತಬೇಡ, ಎತ್ತಿದರೆ ತೋಳು ಕಾಯಂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ತೋಳು ಹೋದರೆ ಕೆಲಸವೂ ಹೋಯಿತು. ಆದ್ದರಿಂದ ದೇವಕಮ್ಮ ದಸರಾ ರಜೆಗಾಗಿ, ಮಕ್ಕಳೂ ಕಾಯದಷ್ಟು ಆಸೆಯಿಂದ ಕಾದಿದ್ದಳು.

ರಜೆ ಶುರುವಾಗಿ ನಾಲ್ಕು ದಿನವಾಗಿತ್ತು. ಹೆಡ್‌ಮಾಸ್ತರ ಭಾಗಣ್ಣ ಆಕೆಯ ಮನೆಮುಂದೆ ಬೈಕು ನಿಲ್ಲಿಸಿದರು. ಅವರು ‘ನೆಮ್ಮದಿ ಬಳಗ’ ಎಂಬ ಸಂಘದ ಕಾರ್ಯದರ್ಶಿಯೂ ಹೌದು.

"ದೇವಕಮ್ಮ, ಸೂಟಿ ಅದ ಅಂತ ಮನ್ಯಾಗ ಕುಂತ್ರ ಮೈ ಕೆಡ್ತದ. ಮಂಗಳವಾರ ಶಹಾಪುರದಾಗ ನೌಕರರಿಗಿ ಒತ್ತಡ ಇಳಸೋ ಶಿಬಿರ ಇಟ್ಟೀವಿ. ನಲವತ್ತು ಮಂದಿಗಿ ಅಡಗಿ ಮಾಡಬೇಕು."

"ತೋಳು ಎತ್ತಾಕ ಬರವಲ್ದ್ರಿ ಸರ್. ಡಾಕ್ಟರು ಎತ್ತಬ್ಯಾಡ ಅಂದಾರ."

"ಡಾಕ್ಟರು ಅಂತಾರ. ನನಗೂ ಸಕ್ಕರಿ ಬಿಡು ಅಂದಾರ, ಬಿಟ್ಟೀನೇನು? ನಿನ್ನ ಜಾಗಾಕ್ಕ ಬರ್ತೀವಂತ ಮೂರು ಮಂದಿ ನನ್ನ ಹಿಂದ ಬಿದ್ದಾರ. ನೋಡು ಮತ್ತ."

ನೋಡುವುದೇನೂ ಉಳಿದಿರಲಿಲ್ಲ. ಮಂಗಳವಾರ ಅಕ್ಟೋಬರ್ ಹದಿನಾಲ್ಕು. ಬೌದ್ಧರಾದ ಆಕೆಯ ಮನೆಯವರಿಗೆ ಧಮ್ಮದೀಕ್ಷೆಯ ಹಬ್ಬ. ಸಂಜೆ ಬುದ್ಧವಿಹಾರದಲ್ಲಿ ವಂದನೆ. ಬಿಳಿ ಸೀರೆ ಉಟ್ಟುಕೊಂಡೇ ಹೋಗಬೇಕು. ಅಡುಗೆ ಮುಗಿಸಿ ಮನೆಗೆ ಬಂದು ಸೀರೆ ಬದಲಿಸಲು ಹೊತ್ತಿರುವುದಿಲ್ಲ ಎಂದು ಆಕೆ ಬೆಳಿಗ್ಗೆಯೇ ಅದನ್ನು ಉಟ್ಟಳು.

ಸೆರಗು ಸರಿಮಾಡುತ್ತ ಮಗಳು ಪಂಚಶೀಲಾ ಕೇಳಿದಳು: "ಯವ್ವಾ, ಅವರ ಒತ್ತಡ ಇಳಸಾಕ ನಿನ್ನ ತೋಳೇ ಬೇಕಿತ್ತೇನು?"

"ಇಳಿಸಿದ್ದು ಎಲ್ಲೋ ಒಂದು ಕಡಿ ಇಡಬೇಕಲ್ಲವ್ವ," ಅಂದು ದೇವಕಮ್ಮ ಆಟೊ ಹತ್ತಿದಳು.

ಗುಡ್ಡದ ಬುಡದ ಕಲ್ಯಾಣಮಂಟಪದ ಬಾಗಿಲಲ್ಲಿ ಕೊರಳಿಗೆ ಬಿಲ್ಲೆ ಹಾಕಿಕೊಂಡ ಒಬ್ಬ ನಿಂತಿದ್ದ. ಒಳಗೆ ಕೂತವರೆಲ್ಲರ ಮೈಮೇಲೂ ಬಿಳಿ. ಮನಸ್ಸು ತಿಳಿಯಾಗಲಿ ಎಂದು ಶಿಬಿರಕ್ಕೆ ಬಿಳಿ ಬಟ್ಟೆಯ ನೇಮ ಮಾಡಿದ್ದರು. ದೇವಕಮ್ಮನನ್ನು ಕಂಡವನೇ ಆತ ಕೈಜೋಡಿಸಿದ.

"ಬರ್ರಿ ಮೇಡಂ, ತಡ ಆತು. ಯಾವ ಇಲಾಖಿ?"

"ಬಿಸಿಯೂಟದ್ದ್ರಿ."

"ಓಹೋ, ಊಟದ ತಪಾಸಣಿಗಿ ಬರೋರು ನೀವೇ ಏನ್ರಿ," ಎಂದು ಆತ ತಾನೇ ಬಡ್ತಿ ಕೊಟ್ಟು, ಒಂದು ಚಾಪೆ, ನೀರಿನ ಬಾಟಲಿ, ನೆನೆಸಿದ ಐದು ಬಾದಾಮಿ ಕೈಗಿತ್ತ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಆಕೆಯ ಕೈಗೆ ತಿನ್ನಲು ಕೊಟ್ಟಿದ್ದರು. ಅಲ್ಲರೀ, ನಾ ಅಡಗಿಯಾಕಿ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹಿತ್ತಲಿನ ಒಲೆಯ ಪಕ್ಕ ನೀರು ತುಂಬಿಕೊಂಡು ಬಾಯ್ತೆರೆದು ಕೂತ ತಾಮ್ರದ ಹಂಡೆ ಕಂಡಿತು. ತೋಳು ಚುಳ್ಳೆಂದಿತು. ದೇವಕಮ್ಮ ಬಾಯಿಗೆ ಬಾದಾಮಿ ಹಾಕಿಕೊಂಡು ಚಾಪೆ ಹಾಸಿದಳು.

ತರಬೇತಿ ಕೊಡುವ ರೇವತಿ ಮೇಡಂ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದರು: ಹಬ್ಬದಲ್ಲಿ ಮಿತವಾಗಿ ತಿನ್ನಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಎಂಟು ತಾಸು ಮಲಗಿ.

ಪಕ್ಕದ ಚಾಪೆಯ ಗುಮಾಸ್ತ ದೇವಕಮ್ಮನ ಕಡೆ ಬಾಗಿದ. "ನಮ್ಮನಿಯಾಕಿ ಡಬ್ಬಿ ತುಂಬಾ ಕರ್ಚಿಕಾಯಿ ಮಾಡಿಟ್ಟಾಳ್ರಿ ಮೇಡಂ. ಕಂಡಾಗೊಮ್ಮೆ ಟೆನ್ಶನ್ ಆಗ್ತದ."

"ಮಾಡಿದಾಕಿಗಿ ಏನಾತ್ರಿ?"

ಗುಮಾಸ್ತ ಇದನ್ನು ಯೋಚಿಸಿರಲಿಲ್ಲ. ಯೋಚಿಸಿದರೆ ಒತ್ತಡವಾದೀತೆಂದು ಕಣ್ಣು ಮುಚ್ಚಿದ.

ರೇವತಿ ಮೇಡಂ ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ತೋರಿಸಿದರು. "ನೋಡಿ, ಬುದ್ಧನೇ ವಿಶ್ರಾಂತಿ ಕಲಿಸುತ್ತಿದ್ದಾನೆ." ದೇವಕಮ್ಮನಿಗೆ ನಗು ಬಂತು. ಕಲ್ಲಾದ ಮೇಲೆ ಮಲಗಿದ್ದಾನೆ. ಜೀವ ಇದ್ದಾಗ ನಲವತ್ತೈದು ವರ್ಷ ಊರೂರು ನಡೆದಿದ್ದ. ಆ ಮಾತು ಯಾವ ಶಿಬಿರದಲ್ಲೂ ಹೇಳುವುದಿಲ್ಲ.

"ಈಗ ಎಲ್ಲರೂ ಅಂಗಾತ ಮಲಗಿ. ನಾವಿಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ ಎಂಬ ಭ್ರಮೆ ಬಿಡಿ. ನಾನು ಗಂಟೆ ಬಾರಿಸುವವರೆಗೆ ಯಾರು ಕರೆದರೂ ಏಳಬೇಡಿ."

ದೇವಕಮ್ಮ ಮಲಗಿದಳು. ತೋಳು ನೆಲಕ್ಕೆ ತಾಗಿದ್ದೇ, ಹೊತ್ತುಕೊಂಡಿದ್ದನ್ನು ಯಾರೋ ಇಳಿಸಿಕೊಂಡಂತಾಯಿತು.

ಮುಖ್ಯ ಅತಿಥಿಯನ್ನು ಕರೆತರಲು ಯಾದಗಿರಿಗೆ ಹೋಗಿದ್ದ ಭಾಗಣ್ಣ ಅವರೊಂದಿಗೆ ಹನ್ನೆರಡೂವರೆಗೆ ಬಂದರು. ಒಲೆ ತಣ್ಣಗಿತ್ತು. ಅಕ್ಕಿಯ ಚೀಲಕ್ಕೆ ಹೊಲಿಗೆ ಹಾಕಿದ್ದು ಹಾಕಿದಂತೆಯೇ ಇತ್ತು. ಹುಡುಕುತ್ತ ಸಭಾಂಗಣಕ್ಕೆ ನುಗ್ಗಿದವರು ಮುಂದಿನ ಸಾಲಿನಲ್ಲೇ ಆಕೆ ಮಲಗಿದ್ದು ಕಂಡು ನಿಂತುಬಿಟ್ಟರು.

"ಏ ದೇವಕಮ್ಮ, ಏಳು. ಅಡಗಿ ಬಿಟ್ಟು ಇಲ್ಲೇನು ಮಾಡಾಕತ್ತಿ?"

"ಒತ್ತಡ ಇಳಸಾಕತ್ತೀನ್ರಿ."

ಚಾಪೆಗಳಿಂದ ಒಂದೊಂದೇ ತಲೆ ಎದ್ದಿತು. ತಪಾಸಣೆಯ ಮೇಡಂ ಅಡುಗೆಯವಳು ಎಂದು ತಿಳಿದದ್ದೇ ಗುಮಾಸ್ತ ತನ್ನ ಚಾಪೆಯನ್ನು ಒಂದು ಗೇಣು ಆಚೆ ಎಳೆದುಕೊಂಡ. ಅಷ್ಟು ಹೊತ್ತು ಹರಿದಾಡುತ್ತಿದ್ದ ಪ್ರೀತಿ ಆ ಒಂದು ಗೇಣಿನಲ್ಲಿ ಇಂಗಿತು.

"ನಲವತ್ತು ಮಂದಿ ಉಪವಾಸ ಕುಂದ್ರಬೇಕೇನು?" ಭಾಗಣ್ಣನ ದನಿ ಏರಿತು.

"ದನಿ ಏರಿಸಬೇಡಿ ಸರ್, ರಕ್ತದೊತ್ತಡ," ಅಂದರು ರೇವತಿ ಮೇಡಂ.

"ಮಿತವಾಗಿ ತಿನ್ನಬೇಕಂತ ಈಗ ಹೇಳ್ಯಾರ್ರಿ," ಅಂದಳು ದೇವಕಮ್ಮ, ಮಲಗಿದಲ್ಲಿಂದಲೇ.

"ನಾಳಿಂದ ನಿನ್ನ ಕೆಲಸ ಇರಂಗಿಲ್ಲ, ತಿಳ್ಕೊ."

ಈ ಲೆಕ್ಕವನ್ನು ದೇವಕಮ್ಮ ಚಾಪೆ ಹಾಸುವಾಗಲೇ ಮುಗಿಸಿದ್ದಳು. "ಆ ಹಂಡೆ ಎತ್ತಿದ್ರ ನನ್ನ ತೋಳು ಹೋಗ್ತದ ಸರ್. ತೋಳಿಲ್ಲದಾಕೀನ ನೀವು ಹೆಂಗೂ ತಗೀತೀರಿ. ತಗಿಯೋದಿದ್ರ ಈಗ ತಗೀರಿ, ತೋಳರ ಉಳೀತದ. ಬ್ಯಾರೆ ಕಡಿ ಇನ್ನೊಂದು ಒಲಿಯರ ಹಚ್ಚೀನು."

ಭಾಗಣ್ಣ ಮೇಡಂ ಕಡೆ ನೋಡಿದರು, ಮೇಡಂ ಅತಿಥಿಯ ಕಡೆ, ಅತಿಥಿ ಗಡಿಯಾರದ ಕಡೆ. ಹಸಿವು ಆದೇಶ ಕೇಳುವುದಿಲ್ಲ. ಭಾಗಣ್ಣ ಅಂಗಿಯ ತೋಳು ಮಡಚಿದರು. ಬಿಳಿ ಬಟ್ಟೆಯ ನಾಲ್ವರು ಹಂಡೆಗೆ ಕೈ ಹಾಕಿ, ಎತ್ತಲಾರದೆ, ಅರ್ಧ ನೀರನ್ನು ಮೈಮೇಲೆ ಸುರಿದುಕೊಂಡರು. ಉಳ್ಳಾಗಡ್ಡಿ ಹೆಚ್ಚಲು ಕೂತ ಗುಮಾಸ್ತ ಅಳತೊಡಗಿದ. ಮೇಡಂ ಹೊಗೆಗೆ ಕೆಮ್ಮಿದರು.

"ಬ್ಯಾಳಿಗಿ ಉಪ್ಪು ಎಷ್ಟು ಹಾಕ್ಬೇಕು, ದೇವಕಮ್ಮ?" ಹಿತ್ತಲಿಂದ ಭಾಗಣ್ಣ ಕೇಳಿದರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಒಳಗಿನಿಂದ ಸಣ್ಣ ಗೊರಕೆ ಕೇಳಿಸಿತು. ಇಡೀ ಶಿಬಿರದಲ್ಲಿ ಆ ಮಧ್ಯಾಹ್ನ ನಿಜವಾಗಿ ನಿದ್ದೆ ಹೋದದ್ದು ಒಬ್ಬಳೇ.