ಕುರ್ಚಿಯ ಕೆಳಗಿದ್ದ ತಗ್ಗು

ನಾನು ಒಂದು ಕುಸ್ತಿ ಮ್ಯಾಟು. ಎಪ್ಪತ್ತೆರಡು ತುಂಡುಗಳ ಜೋಡಣೆಯಾಗಿದ್ದೆ. ಈಗ ಉಳಿದಿರುವುದು ಒಂದೇ ತುಂಡು; ಉದ್ದ ಎರಡು ಮೀಟರ್, ಅಗಲ ಒಂದು ಮೀಟರ್.

ಒಂದು ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಹುಟ್ಟಿದೆ. ಕರಗಿದ ದ್ರವ್ಯದೊಳಗೆ ಲಕ್ಷಾಂತರ ಗಾಳಿಗುಳ್ಳೆಗಳು ಉಬ್ಬಿ, ತಣ್ಣಗಾಗಿ, ನಾನಾದೆ. ಅಚ್ಚಿನಿಂದ ಹೊರಬಿದ್ದ ಮೇಲೆ ಒಬ್ಬ ಹೆಂಗಸು ನನ್ನ ಮೇಲೆ ಕಬ್ಬಿಣದ ಗುಂಡು ಇಟ್ಟು, ಸ್ವಲ್ಪ ಹೊತ್ತಿಗೆ ಅದನ್ನು ತೆಗೆದು, ಗಡಿಯಾರ ನೋಡುತ್ತ ನಿಂತಳು. ಗುಂಡು ಕೂತಿದ್ದ ಜಾಗ ಮೆಲ್ಲಗೆ ಎದ್ದು ಮಟ್ಟವಾಯಿತು. ಅವಳು ಚೀಟಿಯ ಮೇಲೆ ಗುರುತು ಹಾಕಿದಳು. ಒತ್ತಿದ್ದನ್ನು ಮರೆಯುವುದೇ ನನ್ನ ಒಳ್ಳೆಯ ಗುಣವೆಂದು ಅಂದೇ ತಿಳಿಯಿತು.

ಕಾಲೇಜುಗಳಲ್ಲಿ ಕುಸ್ತಿ ಬೆಳೆಯಲೆಂದು ಸರ್ಕಾರ ಕೊಟ್ಟ ಅನುದಾನದಲ್ಲಿ ನಾನು ಘಟಪ್ರಭಾ ದಂಡೆಯ ಊರೊಂದರ ಪದವಿ ಕಾಲೇಜಿಗೆ ಬಂದೆ. ಕಲಿಸುವವರ ಸಂಬಳವೂ ಆಡುವವರ ಹಾಲು, ಮೊಟ್ಟೆಯೂ ಅದೇ ಅನುದಾನದ್ದು. ಎರಡು ವರ್ಷದ ಕೊನೆಗೆ ಅಧಿಕಾರಿಯೊಬ್ಬರು ಬಂದು, ಮ್ಯಾಟು ಬಳಕೆಯಲ್ಲಿದೆ ಎಂದು ಬರೆದರೆ ಮಾತ್ರ ಅದು ಮುಂದುವರಿಯುತ್ತಿತ್ತು.

ಕಲಿಸಲು ಬಂದವರು ಊರ ಗರಡಿಯ ಫಕೀರಪ್ಪ ವಸ್ತಾದರು. ಗರಡಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಕಲಸಿ ಹದ ಮಾಡಿದ ಕೈ. ಮೊದಲ ದಿನ ನನ್ನನ್ನು ಮುಟ್ಟಿ, ಬೆರಳು ಮೂಸಿ, ಮುಖ ಸಿಂಡರಿಸಿದರು. ಆಮೇಲೆ ಆ ಬೆರಳನ್ನೇ ಕಣ್ಣಿಗೆ ಒತ್ತಿಕೊಂಡರು.

ಹತ್ತು ಹುಡುಗರು ಬಂದರು. ಹನ್ನೊಂದನೆಯವಳು ನೀಲವ್ವ ಹಂಚಿನಮನಿ, ಬಿ.ಎ. ಮೊದಲ ವರ್ಷ. ಅವಳ ಅಪ್ಪ ಪೈಲ್ವಾನ. ಅಪ್ಪನ ಹಾಲಿನ ಚರಿಗೆ ಹಿಡಿದು ಗರಡಿಯ ಬಾಗಿಲವರೆಗೆ ಹೋಗಿ ಬಂದವಳು, ಹೊಸ್ತಿಲು ದಾಟಿದವಳಲ್ಲ. ಆ ಮಣ್ಣನ್ನು ಹೆಣ್ಣುಮಕ್ಕಳು ತುಳಿಯುವಂತಿರಲಿಲ್ಲ. ನನ್ನ ಅಂಚಿಗೆ ಬಂದಾಗಲೂ ಹಾಗೇ ನಿಂತಳು.

"ಇಲ್ಲೆ ಕಾಲಿಡಬಹುದೇನ್ರಿ ವಸ್ತಾದ್ರ?"

"ಇದೇನ್ ಕೆಮ್ಮಣ್ಣಲ್ಲ ಯವ್ವಾ, ಕಂಪನಿ ಮಾಲು. ಇಡು," ಎಂದರು.

ಹಾಗೆ ಅವಳಿಗೆ ಊರಲ್ಲಿ ಕುಸ್ತಿಯಾಡಲು ಇದ್ದ ಜಾಗ ನಾನೊಬ್ಬನೇ ಆದೆ.

ಹತ್ತು ಹುಡುಗರು ಐದು ಜೋಡಿಯಾಗುತ್ತಿದ್ದರು. ಅವಳಿಗೆ ಜೋಡಿ ಸಿಗುತ್ತಿದ್ದದ್ದು ಯಾರಾದರೂ ಬರದ ದಿನ ಮಾತ್ರ. ಉಳಿದ ದಿನ ಈಶಾನ್ಯದ ಮೂಲೆಗೆ ಹೋಗಿ, ಹಿಂದಕ್ಕೆ ಬಾಗಿ, ನೆತ್ತಿಯನ್ನು ನನ್ನ ಮೇಲೆ ಊರಿ, ಮೈಯನ್ನು ಕಮಾನಿನಂತೆ ಎತ್ತಿ ನಿಲ್ಲುತ್ತಿದ್ದಳು. ಕುತ್ತಿಗೆ ಗಟ್ಟಿಯಾಗುವ ಸಾಧನೆ ಅದು. ನೂರು ಎಣಿಸುವವರೆಗೆ, ಆಮೇಲೆ ಇನ್ನೂರು. ಎಣಿಕೆ ನನಗೆ ಮಾತ್ರ ಕೇಳುತ್ತಿತ್ತು.

ನನ್ನ ಮೇಲೆ ಬೂಟು ಹಾಕಿ ಆಡಬೇಕೆಂದು ನಿಯಮ. ವಸ್ತಾದರು ಒಪ್ಪಲಿಲ್ಲ. ಕಾಲು ತೊಳೆದು ಬರಿಗಾಲಲ್ಲೇ ಬರಬೇಕು. ಸಂಜೆ ಸಾಬೂನು ನೀರಿನಲ್ಲಿ ಒರೆಸಿ, ಮತ್ತೆ ಒಣಬಟ್ಟೆಯಲ್ಲಿ ಒರೆಸಬೇಕು. ಎರಡು ವರ್ಷ ಒಂದು ದಿನವೂ ತಪ್ಪಲಿಲ್ಲ. ಹೊರಳಾಡಿದ ಗುರುತುಗಳನ್ನು ಅವರು ಒರೆಸಿದರು. ಒತ್ತಿದ ಗುರುತುಗಳನ್ನು ನಾನೇ ಅಳಿಸಿಕೊಂಡೆ. ಈಶಾನ್ಯದ ಮೂಲೆಯೊಂದು ಮಾತ್ರ ನನ್ನ ಗುಣಕ್ಕೆ ಮೀರಿತು. ಅಲ್ಲಿ ಒಂದು ಬೊಗಸೆಯಷ್ಟು ತಗ್ಗು ಉಳಿಯಿತು.

ಅಧಿಕಾರಿ ಬರುವ ಬೆಳಿಗ್ಗೆ ವಸ್ತಾದರು ಆ ತಗ್ಗಿನ ಮೇಲೆ ಜಮಖಾನ ಹಾಸಿ, ಅತಿಥಿಯ ಕುರ್ಚಿ ಇಟ್ಟರು. ಸರ್ಕಾರಿ ಸಾಮಾನು ಕೆಡಿಸಿದ್ದಾರೆ ಎಂಬ ಮಾತು ಬರಬಾರದು. ಆ ಮೂಲೆಯ ಸುದ್ದಿ ಎತ್ತಬೇಡ ಎಂದು ನೀಲವ್ವನಿಗೂ ಹೇಳಿದರು.

ಅಧಿಕಾರಿ ಬೆಂಗಳೂರು ಕಡೆಯವರು. ಬಾಗಿ ನನ್ನ ಮೇಲೆ ಅಂಗೈ ಒತ್ತಿದರು, ತೆಗೆದರು. ನಾನು ಮೊದಲಿನಂತಾದೆ.

"ಇದರ ಪ್ಯಾಕಿಂಗ್ ಇವತ್ತೇ ಬಿಚ್ಚಿದ್ದೀರಲ್ವಾ?"

ದಿನಾ ಒರೆಸುತ್ತೇವೆ ಎಂದು ವಸ್ತಾದರು ಹೇಳಿದರು. ಹಾಜರಿ ಪುಸ್ತಕ ತೋರಿಸಿದರು. ಪುಸ್ತಕ ಯಾರು ಬೇಕಾದರೂ ಬರೆಯಬಹುದು, ಹಿಂದಿನ ವಾರವೇ ಎರಡು ಕಾಲೇಜಿನಲ್ಲಿ ಅಂಥದ್ದು ನೋಡಿ ಬಂದೆ ಎಂದರು ಅಧಿಕಾರಿ. ಅವರು ಕೆಟ್ಟವರೆಂದು ನನಗೆ ಅನಿಸಲಿಲ್ಲ. ಮೋಸಹೋಗಿ ದಣಿದಿದ್ದರು.

"ಸರ್, ನಾ ಆಡಿ ತೋರಸ್ಲೇನ್ರಿ?" ಎಂದಳು ನೀಲವ್ವ.

"ಆಡೋಕೆ ಬರುತ್ತಾ ಅಂತಲ್ಲಮ್ಮ. ಇದರ ಮೇಲೇ ಕಲಿತ್ರಾ ಅಂತ."

ಅಷ್ಟು ಹೇಳಿ ಅವರು ಕುರ್ಚಿಯಲ್ಲಿ ಕೂತು ಬರೆಯತೊಡಗಿದರು. ವಸ್ತಾದರು ಒಮ್ಮೆ ಕುರ್ಚಿಯ ಕಾಲುಗಳನ್ನು ನೋಡಿದರು. ಕುರ್ಚಿ ಸರಿಸುವರೇನೋ ಎಂದು ನಾನು ಕಾದೆ. ಅವರು ಅಲ್ಲಿಂದ ಕಣ್ಣು ತೆಗೆದು ಗೋಡೆ ನೋಡಿದರು. ನೀಲವ್ವ ವಸ್ತಾದರನ್ನೇ ನೋಡುತ್ತಿದ್ದಳು.

ಬಳಕೆಯ ಕುರುಹು ಕಂಡುಬಂದಿಲ್ಲ ಎಂದು ಪತ್ರ ಬಂತು. ಅನುದಾನ ನಿಂತಿತು. ಹುಡುಗರು ಗರಡಿಗೆ ಹೋದರು, ಅವರಿಗೆ ಅದಿತ್ತು. ವಸ್ತಾದರು ಕೊನೆಯ ದಿನ ಜಮಖಾನ ಎತ್ತಿ, ತಗ್ಗಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ತಪ್ಪು ನಂದೈತಿ ಯವ್ವಾ. ಅಂಜಿದೆ."

"ನೀವು ಸುಮ್ಮನಿರು ಅಂದಿದ್ರಿ," ಎಂದಳು ನೀಲವ್ವ. "ಸುಮ್ಮನಿದ್ದೆ."

ಆಮೇಲೂ ಅವಳು ಕೆಲವು ವಾರ ಒಬ್ಬಳೇ ಬಂದಳು. ಇನ್ನೂರು ಎಣಿಸಿ, ಒರೆಸಿ ಹೋಗುತ್ತಿದ್ದಳು. ನಾನಿದ್ದ ಕೋಣೆಯನ್ನು ಪರೀಕ್ಷೆಗೆಂದು ತೆಗೆದುಕೊಂಡ ದಿನ, ಬೀಗ ನೋಡಿ ಹಿಂದಿರುಗಿದ ಅವಳ ಹೆಜ್ಜೆ ಕೇಳಿಸಿತು.

ನನ್ನ ತುಂಡುಗಳು ಚೆದುರಿದವು. ಕೆಲವು ಎತ್ತರ ಜಿಗಿಯುವವರ ಕೆಳಗೆ ಹೋದವು, ಕೆಲವು ಕಾವಲುಗಾರನ ಹಾಸಿಗೆಯಾದವು. ತಗ್ಗಿದ್ದ ತುಂಡು ಯಾರಿಗೂ ಬೇಡವಾಗಿ ಪ್ರಯೋಗಾಲಯದ ಹಿಂದಿನ ಸಾಮಾನು ಕೋಣೆಗೆ ಬಂತು. ಎಷ್ಟು ವರ್ಷವಾಯಿತೋ, ಇಲ್ಲಿ ಎಣಿಸುವವರಿಲ್ಲ.

ಮಳೆಗಾಲದಲ್ಲಿ ತಗಡಿನ ಮಾಡು ಸೋರುತ್ತದೆ. ಬಿದ್ದ ನೀರು ನನ್ನ ಮೈಮೇಲಿಂದ ಎಲ್ಲ ಕಡೆಗೂ ಹರಿದುಹೋಗುತ್ತದೆ. ಒಂದು ಜಾಗದಲ್ಲಿ ಮಾತ್ರ ನಿಲ್ಲುತ್ತದೆ, ಒಂದು ಬೊಗಸೆಯಷ್ಟು. ಮಳೆ ಬಿಟ್ಟ ಮೇಲೆ ಮೆಲ್ಲಗೆ ಆರುತ್ತದೆ.