ಮೂರು ಲಕ್ಷ ಅರವತ್ತು ಸಾವಿರ ಲೀಟರ್

ನಾನು ಈಜುಕೊಳದ ಆಳ ಅಳೆಯುವ ಕೋಲು. ಗದಗಿನ ಬಡಗಿಯೊಬ್ಬ ತೇಗದ ಮರದಿಂದ ನನ್ನನ್ನು ಮಾಡಿ, ಮೈಮೇಲೆ ಅಳತೆಯ ಕೆಂಪು ಗೆರೆಗಳನ್ನು ಎಳೆದ. ನಮ್ಮ ಊರಿನ ಕೊಳ ಐವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಒಂದು ತುದಿಯಲ್ಲಿ ಆಳ ಒಂದು ಮೀಟರ್. ತಳ ಇಳಿಜಾರಾಗಿ ಹೋಗಿ ಇನ್ನೊಂದು ತುದಿಯಲ್ಲಿ ಮೂರು ಮೀಟರ್. ಕೊಳ ನೋಡಿಕೊಳ್ಳುವ ದ್ಯಾಮಪ್ಪ ದಿನವೂ ನನ್ನನ್ನು ನೀರಿಗಿಳಿಸಿ, ಎಷ್ಟು ಕ್ಲೋರಿನ್ ಹಾಕಬೇಕೆಂದು ಲೆಕ್ಕ ಹಾಕುತ್ತಿದ್ದರು.

ಒಂದು ಮೇ ತಿಂಗಳ ಮಧ್ಯಾಹ್ನ. ತೊಳೆಯಲೆಂದು ಕೊಳ ಬರಿದು ಮಾಡುತ್ತಿದ್ದೆವು. ಆಗ ಕೊಳದ ಹಿಂದಿದ್ದ ಅರಳೆ ಗೋದಾಮಿಗೆ ಬೆಂಕಿ ಬಿತ್ತು. ಅದರ ಒಂದು ಬದಿಗೆ ಹೆರಿಗೆ ಆಸ್ಪತ್ರೆ, ಇನ್ನೊಂದು ಬದಿಗೆ ದ್ಯಾಮಪ್ಪನವರ ಓಣಿ. ಓಣಿಯ ಜನ ಹೊರಗೆ ಓಡಿಬಂದಿದ್ದರು. ಆಸ್ಪತ್ರೆಯಲ್ಲಿ ಮಾತ್ರ ಏಳಲಾಗದ ಬಾಣಂತಿಯರು. ಊರಿನ ನಲ್ಲಿಗಳು ಒಣಗಿದ್ದವು.

ಅಗ್ನಿಶಾಮಕದ ಸಾಹೇಬರು ಓಡಿಬಂದರು. "ನೀರು ಎಷ್ಟೈತಿ? ಲಗೂನ ಹೇಳ್ರಿ!"

ಆಳದ ತುದಿಯಲ್ಲಿ ನಾನು ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ತೋರಿಸಿದೆ. ಸಾಹೇಬರು ಅಲ್ಲೇ ಗುಣಿಸಿದರು. "ಹನ್ನೆರಡು ಲಕ್ಷ ಲೀಟರ್! ಎರಡೂ ಕಡೆ ಪೈಪ್ ಹಚ್ರೀ!"

ದ್ಯಾಮಪ್ಪ ನನ್ನನ್ನು ಮೇಲೆತ್ತಿದರು. ಸುಮ್ಮನಿದ್ದಿದ್ದರೆ ಅವರ ಓಣಿಗೂ ನೀರು ಹೋಗುತ್ತಿತ್ತು.

"ತಪ್ಪಾತ್ರೀ ಸಾಹೇಬ್ರ. ತಳಾ ಇಳಿಜಾರ ಐತಿ. ನೀರು ಉಳಿದಿದ್ದು ಆಳದ ಕಡೆ ಮೂವತ್ತ ಮೀಟರಿನಾಗಷ್ಟ. ಆ ತುದಿಗೆ ಸೊನ್ನಿ. ಸರಾಸರಿ ಅರವತ್ತ ಸೆಂಟಿಮೀಟರ್ ಹಿಡೀರಿ. ಮೂರು ಲಕ್ಷ ಅರವತ್ತ ಸಾವಿರ."

"ಹಂಗಾದ್ರ ಒಂದ ಕಡೆ ಅಷ್ಟ ಆಗತೈತಿ. ನಿಮ್ಮನಿ ಎಲ್ಲೈತಿ?"

"ಓಣಿಯಾಗರಿ."

ಸಾಹೇಬರು ತಲೆ ತಗ್ಗಿಸಿದರು. ಪೈಪುಗಳೆಲ್ಲ ಆಸ್ಪತ್ರೆಯ ಕಡೆ ತಿರುಗಿದವು.

ಎರಡು ತಾಸು ದ್ಯಾಮಪ್ಪ ಮತ್ತೆ ಮತ್ತೆ ನನ್ನನ್ನು ಇಳಿಸಿ ಕೂಗಿ ಹೇಳಿದರು: ತೊಂಬತ್ತು. ಅರವತ್ತು. ಬೆನ್ನ ಹಿಂದೆ ಹೆಂಚು ಸಿಡಿಯುತ್ತಿದ್ದವು. ಹೆಂಡತಿ ಹುಲಿಗೆವ್ವ ಬಂದು ಅವರ ಭುಜ ಹಿಡಿದು ಅಲುಗಿಸಿದಳು. "ನಮ್ಮನಿ ಉರಿಯಾಕತ್ತೈತಿ, ನೀವು ಕೋಲು ಹಿಡಕೊಂಡು ನಿಂತೀರಲ್ಲ!" ಅವರು ತಿರುಗಲಿಲ್ಲ. "ಮೂವತ್ತು" ಎಂದು ಕೂಗಿದರು.

ಪಂಪು ಬರೀ ಗಾಳಿ ಎಳೆಯುವ ಹೊತ್ತಿಗೆ ಆಸ್ಪತ್ರೆಯ ಗೋಡೆ ತಣ್ಣಗಾಗಿತ್ತು. ಓಣಿಯ ಹನ್ನೊಂದು ಮನೆಗಳಲ್ಲಿ ಒಂದೂ ಉಳಿಯಲಿಲ್ಲ. ಮಿಕ್ಕ ಹತ್ತು ಮನೆಯವರು ದ್ಯಾಮಪ್ಪನವರ ಜೊತೆ ಮಾತು ಬಿಟ್ಟರು. ಹುಲಿಗೆವ್ವ ತವರಿಗೆ ಹೋದಳು.

ದ್ಯಾಮಪ್ಪನವರ ಕೆಲಸದ ಕೊನೆಯ ದಿನ ಅವಳು ಕೊಳದ ಬಳಿಗೆ ಬಂದಳು. ಪಕ್ಕದಲ್ಲಿ ಕುಳಿತು ಕೇಳಿದಳು: "ಅವತ್ತು ನೀವು ಬಾಯಿ ಬಿಡದಿದ್ರ?"

"ಒಂದ ತಾಸಿನಾಗ ನೀರು ಮುಗೀತಿತ್ತು. ಎರಡೂ ಹೋಗ್ತಿದ್ವು."

"ಇದನ್ನ ನನಗ ಅವತ್ತ ಯಾಕ ಹೇಳಲಿಲ್ಲ?"

"ಹೇಳಾಕ ಬಾಯಿ ಬರಲಿಲ್ಲ."

ಇಬ್ಬರೂ ಒಟ್ಟಿಗೆ ನಡೆದು ಹೋದರು. ಈಗ ನಾನು ಉಗ್ರಾಣದ ಮೂಲೆಯಲ್ಲಿ ಗೆದ್ದಲು ಹತ್ತಿ ನಿಂತಿದ್ದೇನೆ. ಅಂದು ನಾನು ತೋರಿಸಿದ ಅಳತೆ ಸರಿಯಾಗಿತ್ತು. ಆದರೂ ಇನ್ನೊಂದು ಗೇಣು ನೀರು ಇದ್ದಿದ್ದರೆ ಎಂದು ಇವತ್ತಿಗೂ ಹಲುಬುತ್ತೇನೆ.